ಐದನೆಯ ಪಾಠದ ಸದ್ದು

ಹೊಲಿಗೆ ಟೀಚರಿಗೆ ಐವತ್ತೇಳು ತುಂಬಿದ ವರ್ಷ ಕಂಪ್ಯೂಟರಿನ ಮುಂದೆ ಕೂರುವ ಗ್ರಹಚಾರ ಬಂತು. ಅದುವರೆಗೆ ಆಕೆ ಆ ಪೆಟ್ಟಿಗೆಯ ಕಡೆ ಕಣ್ಣೆತ್ತಿಯೂ ನೋಡಿದವಳಲ್ಲ. ತರಬೇತಿ ಕೇಂದ್ರದಲ್ಲಿ ಅವಳ ಹೊಲಿಗೆ ಕೋಣೆಗೂ ಪಕ್ಕದ ಕಂಪ್ಯೂಟರ್ ಕೋಣೆಗೂ ನಡುವೆ ಒಂದೇ ಗೋಡೆ. ಇಪ್ಪತ್ತೆರಡು ವರ್ಷ ಆ ಗೋಡೆಯ ಈಚೆಗೆ, ಹದಿನಾಲ್ಕು ಯಂತ್ರಗಳ ಗಡಗಡದಲ್ಲಿ ಆಯುಸ್ಸು ಕಳೆದಿದ್ದಳು. ಗದ್ದಲ ತಡೆಯಲಾಗುತ್ತಿಲ್ಲ ಎಂದು ಆಚೆಯವರು ದೂರು ತಂದಾಗಲೆಲ್ಲ "ಕಿವಿಗೆ ಹತ್ತಿ ಇಟ್ಕೊಳ್ಳಿ, ನನ್ನ ಹತ್ರ ಬೇಕಾದಷ್ಟಿದೆ" ಎಂದು ವಾಪಸು ಕಳಿಸಿದ್ದಳು. ಈಗ ಅದೇ ಬಾಗಿಲನ್ನು ತಾನೇ ಹೋಗಿ ತಟ್ಟಬೇಕಾಯಿತು.

ಕಾರಣ ಅವಳ ಅಣ್ಣ. ನಲವತ್ತು ವರ್ಷದಿಂದ ಹೊಲಿಗೆ ಯಂತ್ರಗಳ ರಿಪೇರಿಯೇ ಅವನ ಕಸುಬು. ಅಂಥ ಕಸುಬಿನವರು ಬೇಕಾದಷ್ಟು ಜನ ಸಿಗುತ್ತಾರೆ, ಆದರೆ ಕಿವಿಯಿಂದ ರಿಪೇರಿ ಮಾಡುವವನು ಅವನೊಬ್ಬನೇ. ಯಂತ್ರವನ್ನು ಬಿಚ್ಚುವ ಮೊದಲು ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ಮೈಮೇಲೆ ಎರಡು ಸಲ ಟಕ್ ಟಕ್ ಎಂದು ಬಡಿಯುವನು. ಎಲ್ಲರೂ ಬಾಯಿ ಮುಚ್ಚಿಕೊಳ್ಳಿ ಎಂದು ಅದರ ಅರ್ಥ. ಆಮೇಲೆ ಪೆಡಲು ತುಳಿದು, ಕಣ್ಣು ಮುಚ್ಚಿ, ತಲೆಯನ್ನು ಓರೆ ಮಾಡಿ ಕೇಳುವನು. "ಬಾಬಿನ್ ಕೇಸು ಸಡಿಲ" ಎಂದರೆ ಸಡಿಲವೇ. "ಬೆಲ್ಟ್ ಇನ್ನೊಂದು ವಾರ" ಎಂದರೆ ಎಂಟನೆಯ ದಿನಕ್ಕೆ ಅದು ಹರಿದಿರುತ್ತಿತ್ತು. ಹೊಟ್ಟೆಕಿಚ್ಚಿನವರು ಮಾಟ ಎನ್ನುತ್ತಿದ್ದರು, ಅವನು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಟೀಚರು ಗಂಡನನ್ನು ಕಳೆದುಕೊಂಡದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ. ಮುಂದೇನು ಎಂದು ಕೈಕಟ್ಟಿ ಕೂತಿದ್ದಾಗ ಅಣ್ಣ ಗುಜರಿಗೆ ಬಿದ್ದ ಮೂರು ಯಂತ್ರ ತಂದು, ಒಂದರ ತಲೆ, ಇನ್ನೊಂದರ ಚಕ್ರ, ಮತ್ತೊಂದರ ಕಾಲು ಸೇರಿಸಿ ಒಂದು ಯಂತ್ರ ಮಾಡಿ ಅವಳ ಮುಂದಿಟ್ಟ. "ಇದರ ಮುಂದೆ ಕೂತ್ಕೊಂಡು ಅಳು. ಅಳ್ತಾ ಅಳ್ತಾ ಒಂದು ಹೊಲಿಗೆ ಬರುತ್ತೆ" ಎಂದ. ಹಾಗೆಯೇ ಆಯಿತು. ಮದುವೆಯ ಗೊಡವೆಗೇ ಹೋಗದ ಅಣ್ಣನ ಮನೆಗೂ ಅವಳ ಮನೆಗೂ ಹಿತ್ತಲಲ್ಲಿ ಒಂದು ಮೋಟು ಗೋಡೆ. ಪ್ರತಿದಿನ ಬೆಳಿಗ್ಗೆ ಆರೂವರೆಗೆ ಆ ಗೋಡೆಯಾಚೆಯಿಂದ "ಬುಗುರೀ..." ಎಂಬ ಕೂಗು ಬರುತ್ತಿತ್ತು. ಚಿಕ್ಕವಳಿದ್ದಾಗ ಒಂದು ಕಡೆ ನಿಲ್ಲದೆ ಸುತ್ತುತ್ತಿದ್ದುದಕ್ಕೆ ಅವನಿಟ್ಟ ಹೆಸರು ಅದು. ಅವನೊಬ್ಬನೇ ಕರೆಯುವ ಹೆಸರು. "ಬಂದೆ ಇರೋ" ಎಂದು ಇವಳು ಕೂಗಿ, ಚಹಾದ ಲೋಟವನ್ನು ಗೋಡೆಯ ಮೇಲಿಡುವಳು. ಇಪ್ಪತ್ತಾರು ವರ್ಷ ಇದು ಒಂದು ದಿನವೂ ತಪ್ಪಿರಲಿಲ್ಲ.

ಆ ಕೂಗು ಒಡೆಯತೊಡಗಿದಾಗ ಅಣ್ಣ ಧೂಳು ಎಂದ. ನಾಲ್ಕು ತಿಂಗಳು ಧೂಳೇ ಎಂದ. ಕೊನೆಗೆ ಟೀಚರು ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಸ್ಕ್ಯಾನಿನ ಫಿಲಂ ಎತ್ತಿ ಹಿಡಿದು ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಇಪ್ಪತ್ತು ದಿನದಾಚೆಯ ಒಂದು ಸೋಮವಾರ ಗೊತ್ತಾಯಿತು.

"ಹೋಗ್ಲಿ ಬಿಡು," ಎಂದ ಅಣ್ಣ ದಾರಿಯಲ್ಲಿ. "ಮಿಷನ್ ಹತ್ರ ನಾನೇನು ಮಾತಾಡ್ಬೇಕಾ? ಅದು ಮಾತಾಡಿದ್ರೆ ಸಾಕು."

ಟೀಚರು ನಕ್ಕಳು. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಳು. ಅಳು ಮುಗಿದ ಮೇಲೆ ಅವಳಿಗೆ ಒಂದು ವಿಷಯ ಹೊಳೆಯಿತು. ಅಣ್ಣನ ಹತ್ತಿರ ಕಲಿಯಲು ಬಂದವರೆಲ್ಲ ಅವನ ಬೈಗುಳ ತಡೆಯದೆ ಆರು ತಿಂಗಳಿಗೇ ಕಾಲು ಕಿತ್ತಿದ್ದರು. ಆ ಕಿವಿಯ ವಿದ್ಯೆ ಇನ್ನೊಬ್ಬರಿಗೆ ದಾಟಿರಲಿಲ್ಲ. ತನ್ನ ತರಗತಿಯ ಹೆಂಗಸರು ಮುಂದೆ ಮನೆಯಲ್ಲಿ ಒಂದೊಂದು ಯಂತ್ರ ಇಟ್ಟುಕೊಂಡು ಬದುಕಬೇಕಾದವರು. ಯಂತ್ರ ನಿಂತರೆ ಅವರ ಒಲೆಯೂ ನಿಂತಂತೆ. ಬಾಯಿ ಇರುವಾಗಲೇ ಅಣ್ಣ ಇವರಿಗೆ ಹೇಳಿಬಿಡಬೇಕು, ಅದು ಎಲ್ಲಾದರೂ ಉಳಿಯಬೇಕು. ಆಮೇಲೆ ಹೇಳುತ್ತೇನೆಂದರೂ ಹೇಳಲು ಅವನಲ್ಲಿ ಧ್ವನಿ ಇರುವುದಿಲ್ಲ.

ಹೀಗೆ ಅವಳು ಗೋಡೆಯಾಚೆಯ ಬಾಗಿಲು ತಟ್ಟಿದ್ದು. ಕಂಪ್ಯೂಟರ್ ಮೇಡಂ ಒಳ್ಳೆಯ ಹೆಂಗಸು, ಹತ್ತಿಯ ಮಾತು ಎತ್ತಲಿಲ್ಲ. ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ತೆರೆದು, ಮೇಲಿನ ಪಟ್ಟಿ ಚಿತ್ರ, ಕೆಳಗಿನ ಪಟ್ಟಿ ಸದ್ದು ಎಂದು ತೋರಿಸಿದಳು. ಕತ್ತರಿಯ ಗುರುತು ಕಂಡದ್ದೇ ಟೀಚರಿಗೆ ಅರ್ಧ ಧೈರ್ಯ ಬಂತು. ಕತ್ತರಿಸುವುದು, ಜೋಡಿಸುವುದು ಅವಳಿಗೆ ಹೊಸದೇನಲ್ಲ. ಹೊಸದು ಸದ್ದು. ಬಟ್ಟೆ ಎಲ್ಲಿ ಸುಕ್ಕಾಗಿದೆಯೆಂದು ಕಣ್ಣಿಗೆ ಕಾಣುತ್ತದೆ, ಸದ್ದು ಎಲ್ಲಿ ಕೆಟ್ಟಿದೆಯೆಂದು ಹುಡುಕಬೇಕು.

ಪಾಠಗಳನ್ನು ಹೊಲಿಗೆ ಕೋಣೆಯಲ್ಲೇ, ತರಗತಿ ಬಿಟ್ಟ ಮೇಲೆ ಮೂರು ಮಧ್ಯಾಹ್ನ ಚಿತ್ರೀಕರಿಸಿಕೊಂಡದ್ದಾಯಿತು. ಮೇಡಂ ತನ್ನ ಫೋನನ್ನೂ ಒಂದು ಪುಟ್ಟ ಕಾಲರ್ ಮೈಕನ್ನೂ ಕೊಟ್ಟಿದ್ದಳು. ಮೈಕನ್ನು ಅಂಗಿಗೆ ಸಿಕ್ಕಿಸುವಾಗ ಅಣ್ಣ, "ಇದೇನು, ನನ್ನ ಕತ್ತಿಗೆ ಈಗಲೇ ಗಂಟು ಬಿದ್ದಿದ್ಯಾ?" ಎಂದ. ಪ್ರತಿ ಪಾಠಕ್ಕೂ ಮುಂಚೆ ಟಕ್ ಟಕ್ ಬಡಿದ. "ಈಗ ಕೇಳಿ" ಎಂದು ಹೇಳಿ ಯಂತ್ರ ಓಡಿಸಿ, ನಿಲ್ಲಿಸಿ, ಯಾವ ಸದ್ದು ಯಾವ ರೋಗದ್ದೆಂದು ವಿವರಿಸಿದ. ಸಡಿಲ ಬಾಬಿನ್ ಕೇಸು, ಸೊಟ್ಟ ಸೂಜಿ, ಜಾರುವ ಬೆಲ್ಟು, ಬಟ್ಟೆ ದೂಡುವ ಸವೆದ ಹಲ್ಲು. ಐದನೆಯದು ಎಣ್ಣೆ ಕಾಣದೆ ಒಣಗಿದ ಯಂತ್ರ. ಅದನ್ನು ಮಾತ್ರ ಬಹಳ ಹೊತ್ತು, ಬಹಳ ಜೋರಾಗಿ ಓಡಿಸಿದ. ಆರು, ಏಳು ಮುಗಿಯುವಷ್ಟರಲ್ಲಿ ಗಂಟಲು ಪೂರಾ ಕೂತುಹೋಗಿ, ಕೊನೆಯ ಮಾತುಗಳು ಪಿಸುಮಾತಾಗಿದ್ದವು.

ಎಡಿಟಿಂಗಿನ ಕಾಟ ಒಂದೆರಡಲ್ಲ. ಮೊದಲ ದಿನ ಹೆಡ್‌ಫೋನು ಹಾಕಿಕೊಂಡರೆ ಅಣ್ಣ ಎಡಗಿವಿಯಲ್ಲಿ ಮಾತ್ರ ಇದ್ದ. ಬಲಗಿವಿ ಖಾಲಿ. ತನ್ನ ಬಲಗಿವಿಯೇ ಹೋಯಿತೆಂದು ಟೀಚರು ಹೌಹಾರಿದಳು. ಮೈಕು ಒಂದೇ ಕಡೆಗೆ ಸದ್ದು ಬರೆದಿದೆ, ಅದನ್ನು ಎರಡೂ ಕಡೆಗೆ ಹಂಚಬೇಕು ಎಂದು ಮೇಡಂ ಕಲಿಸಿಕೊಟ್ಟಳು. ಎರಡನೆಯ ದಿನ ತುಟಿ ಮುಂದೆ, ಮಾತು ಹಿಂದೆ. ಪಾಠ ಉದ್ದವಾದಷ್ಟೂ ಅಂತರ ಹೆಚ್ಚುತ್ತಿತ್ತು. ಫೋನಿನ ಚಿತ್ರದ ವೇಗ ಒಂದೇ ಸಮನಿರದಿದ್ದರೆ ಹೀಗಾಗುತ್ತದಂತೆ. ಅದನ್ನು ಮೊದಲು ಒಂದೇ ವೇಗಕ್ಕೆ ಪರಿವರ್ತಿಸಿ, ಬಡಿತದ ಎರಡು ಚೂಪು ಗೆರೆಗಳು ಸ್ಕ್ರೂಡ್ರೈವರು ತಗಲುವ ಚಿತ್ರದ ಅಡಿಗೆ ಸರಿಯಾಗಿ ಬರುವಂತೆ ಕೂರಿಸಿದಳು. ಅವಳು ಹಲ್ಲು ಕಚ್ಚಿ ಎಲ್ಲವನ್ನೂ ಒಂದು ಹಳೆಯ ಅಳತೆ ಪುಸ್ತಕದಲ್ಲಿ ಬರೆದುಕೊಂಡಳು.

ಮೂರನೆಯ ದಿನ ಸಿಕ್ಕಿದ್ದು ಗದ್ದಲ ತೆಗೆಯುವ ಸಾಧನ. ಬೇಡದ ಸದ್ದಿನ ಒಂದು ಚೂರನ್ನು ತೋರಿಸಿದರೆ ಸಾಕು, ಇಡೀ ಪಾಠದಿಂದ ಅಂಥ ಸದ್ದನ್ನೆಲ್ಲ ಅದು ಸೋಸಿ ತೆಗೆಯುತ್ತದೆ. ಮೇಡಂ ಆ ದಿನ ರಜೆಯಲ್ಲಿದ್ದಳು. ಅಣ್ಣನ ಮಾತು ಮೊದಲೇ ಒಡಕು, ಅದರ ಮೇಲೆ ಯಂತ್ರದ ಗಡಗಡ. ಟೀಚರಿಗೆ ಒಂದೇ ತವಕ, ಅಣ್ಣನ ಒಂದಕ್ಷರವೂ ಕಳೆದುಹೋಗಬಾರದು. ಇಪ್ಪತ್ತೆರಡು ವರ್ಷ ಗೋಡೆಯಾಚೆಯವರು ಯಾವುದನ್ನು ಗದ್ದಲ ಎಂದಿದ್ದರೋ ಅದನ್ನೇ ಅವಳೂ ಗದ್ದಲವೆಂದು ತೋರಿಸಿದಳು. ಯಂತ್ರ ಮಾತ್ರ ಓಡುತ್ತಿದ್ದ ಒಂದು ಚೂರನ್ನು ಆರಿಸಿ ಗುಂಡಿ ಒತ್ತಿದಳು. ಅಣ್ಣನ ಧ್ವನಿ ಸ್ವಲ್ಪ ನೀರೊಳಗಿಂದ ಬಂದಂತಾದರೂ ಸ್ವಚ್ಛವಾಗಿ ಹೊರಬಂತು. ಟೀಚರಿಗೆ ಸ್ವರ್ಗಕ್ಕೆ ಮೂರೇ ಗೇಣು. ಏಳು ಪಾಠವನ್ನೂ ಹೀಗೇ ತೊಳೆದು, ಏಳು ವಿಡಿಯೋ ಮಾಡಿ ಹೊರತೆಗೆದಳು. ಕಂಪ್ಯೂಟರು ಜಾಗವಿಲ್ಲ ಎಂದು ಗೊಣಗಿದಾಗ, ಹೇಗೂ ಎಲ್ಲ ಸಾಫ್ಟ್‌ವೇರಿನ ಒಳಗಿದೆಯಲ್ಲ ಎಂದುಕೊಂಡು, ಫೋನಿನಲ್ಲಿದ್ದ ಮೂಲವನ್ನೂ ಕಂಪ್ಯೂಟರಿನಲ್ಲಿದ್ದ ಮೂಲವನ್ನೂ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು.

ಭಾನುವಾರ ಬೆಳಿಗ್ಗೆ ಅಣ್ಣನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಮೊದಲ ಪಾಠ ಹಾಕಿದಳು. ಪರದೆಯ ಮೇಲೆ ಅವನು "ಈಗ ಕೇಳಿ" ಎಂದ. ಚಕ್ರ ತಿರುಗಿತು, ಸೂಜಿ ಮೇಲೆ ಕೆಳಗೆ ಆಡಿತು. ಸದ್ದಿಲ್ಲ. ದೂರದಲ್ಲಿ ಯಾರೋ ಕಾಗದ ಮುದುರಿದಂತೆ ಏನೋ ಸರಬರ, ಅಷ್ಟೆ. "ಕೇಳಿದ್ರಲ್ಲ, ಇದೇ ಸಡಿಲ ಬಾಬಿನ್ ಸದ್ದು" ಎಂದ ಪರದೆಯ ಅಣ್ಣ.

ಕುರ್ಚಿಯ ಅಣ್ಣ ತಂಗಿಯ ಕಡೆ ತಿರುಗಿದ. "ನಾನಿದ್ದೀನಿ," ಎಂದು ಪಿಸುಗುಟ್ಟಿದ. "ಮಿಷನ್ ಎಲ್ಲಿ?"

ಟೀಚರು ತಡಬಡಿಸಿ ಸಾಫ್ಟ್‌ವೇರ್ ತೆರೆದರೆ ಏಳು ಪಾಠದ ಜಾಗದಲ್ಲಿ ಏಳು ಕೆಂಪು ಚೌಕಗಳಿದ್ದವು. ಮೇಡಂ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಳು. "ಅದರೊಳಗೆ ವಿಡಿಯೋ ಇರಲ್ಲ ಟೀಚರ್, ಎಲ್ಲಿದೆ ಅನ್ನೋ ವಿಳಾಸ ಮಾತ್ರ ಇರುತ್ತೆ. ನೀವು ಮನೇನೇ ಕೆಡವಿಬಿಟ್ಟಿದ್ದೀರಿ," ಎಂದಳು.

ಅಣ್ಣನಿಗೆ ಹೇಗೆ ಹೇಳುವುದು? ಹೇಳಲೇಬೇಕಾಯಿತು. ಇನ್ನೊಮ್ಮೆ ಮಾತಾಡಲು ಅವನ ಗಂಟಲಲ್ಲಿ ಏನೂ ಉಳಿದಿರಲಿಲ್ಲ, ಮರುದಿನವೇ ಆಪರೇಷನ್ನು. ಜನ್ಮವಿಡೀ ಬೈದೇ ಮಾತಾಡಿದ ಮನುಷ್ಯ, ಆ ದಿನ ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಅವಳ ತಲೆ ಸವರಿ, "ಇರ್ಲಿ ಬಿಡು" ಎಂದ. ಅವಳು ಭೂಮಿಗಿಳಿದುಹೋದಳು.

ಆಪರೇಷನ್ನು ಚೆನ್ನಾಗಿಯೇ ಆಯಿತು. ಇಪ್ಪತ್ತೈದು ದಿನಕ್ಕೆ ಅಣ್ಣ ಕತ್ತಿನಲ್ಲಿ ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆಯ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ. ಮಾತಿಗೆ ಏನೋ ಒಂದು ಸಲಕರಣೆ ಇದೆ, ಮುಂದೆ ನೋಡೋಣ ಎಂದರು ಡಾಕ್ಟರು. ಅವನು ಬೇಡವೆಂದು ಕೈಯಾಡಿಸಿದ. ಹೇಳುವುದನ್ನೆಲ್ಲ ಟೇಲರ್ ಚಾಕಿನಿಂದ ಒಂದು ಕಪ್ಪು ಬಟ್ಟೆಯ ತುಂಡಿನ ಮೇಲೆ ಬರೆಯುತ್ತಿದ್ದ. ಬೆಳಿಗ್ಗೆ ಆರೂವರೆಗೆ ಹಿತ್ತಲ ಗೋಡೆಯ ಮೇಲೆ ಸ್ಕ್ರೂಡ್ರೈವರಿನ ಹಿಡಿ ಟಕ್ ಟಕ್ ಎನ್ನುತ್ತಿತ್ತು. ಟೀಚರು ಏನೂ ಹೇಳದೆ ಹೋಗಿ ಲೋಟ ಇಟ್ಟು ಬರುತ್ತಿದ್ದಳು. ಕರೆಯೇ ಇಲ್ಲದ ಮೇಲೆ ಉತ್ತರ ಕೊಡಲು ಅವಳಿಗೆ ಬಾಯಿ ಬರಲಿಲ್ಲ.

ಕಂಪ್ಯೂಟರಿನ ಹತ್ತಿರ ಅವಳು ತಿಂಗಳುಗಟ್ಟಲೆ ಸುಳಿಯಲಿಲ್ಲ. ಒಂದು ಮಧ್ಯಾಹ್ನ ತರಗತಿಯಲ್ಲಿ ಕೋಟಿಗೆ ಅಸ್ತರು ಹಾಕುವುದನ್ನು ಹೇಳಿಕೊಡುತ್ತಿದ್ದಳು. ಮೇಲುಬಟ್ಟೆ ಬೇರೆ ಕತ್ತರಿಸಿ, ಅಸ್ತರು ಬೇರೆ ಕತ್ತರಿಸಿ, ಎರಡನ್ನೂ ಗುರುತಿಗೆ ಗುರುತು ಕೂಡಿಸಿ ಹೊಲಿಯಬೇಕು ಎನ್ನುತ್ತಿದ್ದವಳು ಮಾತು ಅಲ್ಲೇ ನಿಲ್ಲಿಸಿ, ಕೈಯಲ್ಲಿದ್ದ ಕೋಟನ್ನು ನೋಡುತ್ತ ನಿಂತುಬಿಟ್ಟಳು. ಅಣ್ಣನ ಮಾತು ಅವಳ ಹತ್ತಿರ ಇದೆ, ಯಂತ್ರದಿಂದ ಬೇರೆಯಾಗಿ. ಯಂತ್ರ ಎಲ್ಲಿಗೂ ಹೋಗಿಲ್ಲ. ಅದಕ್ಕೆ ರೋಗ ಬರಿಸಿ ಓಡಿಸುವ ಕೈಕಾಲು, ಕಿವಿ ಇನ್ನೂ ಗೋಡೆಯಾಚೆಗಿವೆ. ಗುರುತು? ಪ್ರತಿ ಪಾಠದ ಮೊದಲಲ್ಲೂ ಟಕ್ ಟಕ್ ಇದೆಯಲ್ಲ!

ಆ ಸಂಜೆಯೇ ಅವಳು ಏಳು ಪಾಠವನ್ನೂ ತೆರೆದು, ಹೆಡ್‌ಫೋನು ಹಾಕಿ, ಯಂತ್ರ ಎಲ್ಲೆಲ್ಲಿ ಓಡಬೇಕೆಂದು ಗುರುತು ಹಾಕುತ್ತ ಬಂದಳು. ಐದನೆಯ ಪಾಠದಲ್ಲಿ, ಯಂತ್ರ ಜೋರಾಗಿ ಓಡುತ್ತಿದ್ದ ಜಾಗದಲ್ಲಿ, ಖಾಲಿಯಿರಬೇಕಾದ ಪಟ್ಟಿಯ ಮೇಲೆ ನಾಲ್ಕು ಸಣ್ಣ ಉಬ್ಬುಗಳು ಕಂಡವು. ಸದ್ದು ಏರಿಸಿದಳು.

"ಬುಗುರೀ..." ಎಂದಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ, ರೇಗಿದ ಹಾಗೆ. ಇನ್ನೊಮ್ಮೆ, ಚಿಕ್ಕವಳನ್ನು ಆಟದಿಂದ ಕರೆದ ಹಾಗೆ. ನಾಲ್ಕನೆಯ ಸಲ ಬರೀ ಉಸಿರು.

ಯಂತ್ರದ ಅಬ್ಬರದಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂಬ ಭರವಸೆಯಿಂದ ಅವನು ಕರೆದುಕೊಂಡಿದ್ದ. ಕತ್ತಿನ ಹತ್ತಿರವೇ ಇದ್ದ ಮೈಕಿನ ನೆನಪು ಅವನಿಗಿರಲಿಲ್ಲ. ಐದನೆಯ ಪಾಠ ಅಷ್ಟು ಉದ್ದ ಯಾಕಾಯಿತೆಂದು ಅವಳಿಗೆ ಈಗ ತಿಳಿಯಿತು. ಅವಳು ಹೆಡ್‌ಫೋನು ತೆಗೆಯದೆ, ಮೇಡಂ ಬಂದು ದೀಪ ಹಾಕುವವರೆಗೂ ಅಲ್ಲೇ ಕೂತಿದ್ದಳು.

ಹಳೆಯ ಮಾತು ಕೇಳುತ್ತ ಮತ್ತೆ ಯಂತ್ರ ಓಡಿಸುವುದಕ್ಕೆ ಅಣ್ಣನನ್ನು ಒಪ್ಪಿಸಲು ವಾರ ಹಿಡಿಯಿತು. "ಸತ್ತ ಗಂಟಲಿನ ಮಾತು ನಾನು ಕೇಳಲ್ಲ" ಎಂದು ಬಟ್ಟೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ. "ನಿನಗಾಗಿ ಅಲ್ಲ, ಆ ಹೆಂಗಸರಿಗೆ. ನಾನು ಮಾಡಿದ ತಪ್ಪನ್ನ ನಾನೊಬ್ಬಳೇ ಸರಿ ಮಾಡೋಕಾಗಲ್ಲ ಅಣ್ಣ," ಎಂದಳು ಟೀಚರು. ಅವನು ಚಾಕನ್ನು ಬೆರಳಲ್ಲಿ ಉರುಳಿಸುತ್ತ ಕೂತಿದ್ದು, ಎದ್ದು ಸ್ಕ್ರೂಡ್ರೈವರಿನ ಚೀಲ ಹೆಗಲಿಗೆ ಹಾಕಿಕೊಂಡ.

ಮತ್ತೆ ಅದೇ ಕೋಣೆ, ಅದೇ ಹಳೆಯ ಯಂತ್ರ. ಮೈಕು ಈ ಸಲ ಯಂತ್ರದ ಪಕ್ಕ. ಹೆಡ್‌ಫೋನು ಅಣ್ಣನ ತಲೆಯ ಮೇಲೆ; ಅವನ ಹಳೆಯ ಮಾತು ಅವನಿಗೆ ಮಾತ್ರ ಕೇಳಿಸಬೇಕು, ಮೈಕಿಗೆ ಬೀಳಬಾರದು. ಟೀಚರು ಮೇಡಂ ಅಲ್ಲಿಗೇ ತಂದಿಟ್ಟ ಕಂಪ್ಯೂಟರಿನ ಪರದೆಯ ಮುಂದೆ ಉಬ್ಬುಗಳನ್ನು ನೋಡುತ್ತ ಕೂತಳು. ಮೊದಲ ಸಲ ತನ್ನ ಧ್ವನಿ ಕೇಳಿದಾಗ ಅಣ್ಣನ ಕೈ ಕತ್ತಿನ ಪಟ್ಟಿಗೆ ಹೋಯಿತು. ಆಮೇಲೆ ಕಸುಬು ಅವನನ್ನು ಹಿಡಿದುಕೊಂಡಿತು. ಹೆಡ್‌ಫೋನಿನ ಟಕ್ ಟಕ್ ಜೊತೆಗೇ ಟಕ್ ಟಕ್ ಬಡಿದ. "ಈಗ ಕೇಳಿ" ಎಂಬಲ್ಲಿಗೆ ಸರಿಯಾಗಿ ಪೆಡಲು ತುಳಿದ. ಬಾಬಿನ್ ಕೇಸು ಸಡಿಲಿಸಿದ, ಸೂಜಿ ಸೊಟ್ಟ ಮಾಡಿದ, ಬೆಲ್ಟು ಇಳಿಬಿಟ್ಟ. ತಪ್ಪಿದಾಗ ತನ್ನ ತಲೆಗೆ ತಾನೇ ಹೊಡೆದುಕೊಂಡು ಮತ್ತೆ ಹಾಕು ಎಂದು ಬೆರಳು ಸುತ್ತಿಸಿದ.

ಐದನೆಯ ಪಾಠಕ್ಕೆ ಯಂತ್ರದ ಎಣ್ಣೆಯನ್ನೆಲ್ಲ ಒರೆಸಿ ತೆಗೆದರು. ಚಕ್ರ ಕಿರುಗುಟ್ಟುತ್ತ ಓಡತೊಡಗಿತು. ಪರದೆಯ ಮೇಲಿನ ಗೆರೆ ಮೊದಲ ಉಬ್ಬಿನ ಹತ್ತಿರ ಬರುತ್ತಿರುವುದನ್ನು ಟೀಚರು ಕಂಡಳು. ಮುಂಚೆಯೇ ಹೇಳಬೇಕಿತ್ತು, ಹೇಳಿರಲಿಲ್ಲ. ಗೆರೆ ಉಬ್ಬನ್ನು ಮುಟ್ಟಿತು. ಅಣ್ಣನ ಬೆನ್ನು ಸೆಟೆಯಿತು.

"ಬಂದೆ ಇರೋ," ಎಂದಳು ಟೀಚರು.

ಅವಳು ಬೇಕೆಂದು ಆಡಿದ್ದಲ್ಲ. ಇಪ್ಪತ್ತಾರು ವರ್ಷದ ಬಾಯಿ ತಾನಾಗಿ ಆಡಿತ್ತು. ಅಣ್ಣ ಅವಳ ತುಟಿ ನೋಡಿದ. ಕಾಲು ನಿಲ್ಲಿಸಲಿಲ್ಲ. ಎರಡನೆಯದಕ್ಕೂ ಅವಳು "ಬಂದೆ ಇರೋ" ಎಂದಳು, ಮೂರನೆಯದಕ್ಕೂ ಎಂದಳು. ನಾಲ್ಕನೆಯದಕ್ಕೆ ಮಾತು ಅರ್ಧಕ್ಕೇ ನಿಂತಿತು. ಪಾಠ ಮುಗಿಯುವವರೆಗೆ ಅವನು ತುಳಿಯುತ್ತಲೇ ಇದ್ದ. ಕಣ್ಣಿಂದ ನೀರು ಇಳಿದು ಕತ್ತಿನ ಪಟ್ಟಿ ಒದ್ದೆಯಾಯಿತು.

ಹೆಡ್‌ಫೋನು ತೆಗೆದು ಅವನು ಬಟ್ಟೆಯ ಮೇಲೆ ಬರೆದ: "ಅದನ್ನ ಕತ್ತರಿಸು."

"ಕತ್ತರಿಸಲ್ಲ," ಎಂದಳು. "ಅಳಿಸಿ ಅಳಿಸಿ ಸಾಕಾಗಿದೆ ನನಗೆ. ಮಿಷನ್ ಸದ್ದಿನ ಅಡಿಯಲ್ಲಿ ಇರ್ಲಿ ಬಿಡು. ಯಾರಿಗೂ ಕೇಳ್ಸಲ್ಲ."

ಅಣ್ಣ ಬರೆದದ್ದನ್ನು ಅಂಗೈಯಿಂದ ಒರೆಸಿದ.

ಎರಡು ಪಟ್ಟಿಗಳನ್ನು ಟಕ್ ಟಕ್‌ಗೆ ಟಕ್ ಟಕ್ ಕೂಡಿಸಿ ಜೋಡಿಸಲು ಟೀಚರಿಗೆ ಹನ್ನೊಂದು ದಿನ ಬೇಕಾಯಿತು. ಈ ಸಲ ಮೂಲವನ್ನು ಮೂರು ಕಡೆ ಇಟ್ಟಳು. ಒಂದು ಶುಕ್ರವಾರ ಹೊಲಿಗೆ ಕೋಣೆಯ ಕಿಟಕಿಗಳಿಗೆ ಬಟ್ಟೆ ಕಟ್ಟಿ, ಗೋಡೆಯ ಮೇಲೆ ಪಾಠಗಳನ್ನು ತೋರಿಸಿದರು. ಇಪ್ಪತ್ತು ಹೆಂಗಸರು ಬೆಂಚಿನ ಮೇಲೆ ಇಕ್ಕಟ್ಟಾಗಿ ಕೂತಿದ್ದರು. ಅಣ್ಣ ಹಿಂದುಗಡೆ ಬಾಗಿಲ ಹತ್ತಿರ ಸ್ಟೂಲಿನ ಮೇಲಿದ್ದ.

ಐದನೆಯದು ಮುಗಿದಾಗ "ಏನು ಕೇಳ್ಸಿತು?" ಎಂದು ಕೇಳಿದಳು ಟೀಚರು.

"ಒಣ ಸದ್ದು. ಎಣ್ಣೆ ಹಾಕ್ಬೇಕು," ಎಂದರು ನಾಲ್ಕೈದು ಮಂದಿ ಒಟ್ಟಿಗೆ.

ಎರಡನೆಯ ಸಾಲಿನಲ್ಲಿ ಒಬ್ಬ ಹೆಂಗಸಿದ್ದಳು. ಸೇರಿ ಮೂರು ತಿಂಗಳಾದರೂ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ; ಉಳಿದವರು ಅವಳನ್ನು ಮೌನಿ ಎಂದೇ ಕರೆಯುತ್ತಿದ್ದರು. "ಇನ್ನೊಂದು ಸಲ ಹಾಕ್ತೀರಾ ಟೀಚರ್?" ಎಂದಳು ಅವಳು. ಹಾಕಿದರು. ಅವಳು ಕಣ್ಣು ಮುಚ್ಚಿ, ತಲೆಯನ್ನು ಓರೆ ಮಾಡಿ ಕೇಳಿದಳು.

"ಎಣ್ಣೆ ಇಲ್ಲ, ಅದು ಸರಿ," ಎಂದಳು ಹಿಂಜರಿಯುತ್ತ. "ಆದ್ರೆ ಅಡಿಯಲ್ಲಿ ಯಾರೋ ಕರೀತಿದ್ದಾರೆ. ಇನ್ಯಾರೋ ಬಂದೆ ಅಂತಿದ್ದಾರೆ."

ಹೆಂಗಸರು ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ಹಿಂದಿನಿಂದ, ಬಾಗಿಲಿನ ಮರದ ಮೇಲೆ, ಟಕ್ ಟಕ್ ಎಂದಿತು. ನಗು ಗಕ್ಕನೆ ನಿಂತಿತು. ಅಣ್ಣ ಬೆಂಚುಗಳ ನಡುವೆ ನಡೆದು ಬಂದು, ಮೌನಿಯ ಮುಖವನ್ನು ಒಂದು ಗಳಿಗೆ ನೋಡಿ, ಕಪ್ಪು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಬರೆದ.

"ಇವಳಿಗೆ ಕಿವಿ ಇದೆ. ನಾಳೆಯಿಂದ ನನ್ನ ಹತ್ರ ಕಳಿಸು. ನನಗೀಗ ಬೈಯೋಕೂ ಬರಲ್ಲ, ಇವಳು ಓಡಿಹೋಗಲ್ಲ."

ಮರುದಿನ ಬೆಳಿಗ್ಗೆ ಆರೂವರೆಗೆ ಹಿತ್ತಲ ಗೋಡೆಯ ಮೇಲೆ ಟಕ್ ಟಕ್ ಸದ್ದಾಯಿತು. ಟೀಚರು ಒಲೆಯ ಮುಂದಿದ್ದಳು.

"ಬಂದೆ ಇರೋ!" ಎಂದು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವಂತೆ ಕೂಗಿ, ಲೋಟ ಎತ್ತಿಕೊಂಡು ಹಿತ್ತಲಿಗೆ ಹೋದಳು.